ಬೋಳು ಟೈರು

ನೆಲ ನೋಡಿ ಟೈರು ಹಾಕಬೇಕು, ಟೈರು ನೋಡಿ ನೆಲ ಹುಡುಕಬಾರದು ಎಂದು ಇವರು ಹೇಳುತ್ತಿದ್ದರು. ಇವರೆಂದರೆ ನನ್ನ ಗಂಡ. ಲಾರಿ ಟ್ರ್ಯಾಕ್ಟರುಗಳ ಮಾತಲ್ಲ ಇದು, ಮೊಳ ಉದ್ದವೂ ಇಲ್ಲದ ರಿಮೋಟ್ ಕಾರಿನ ಮಾತು. ಕಲ್ಲು, ಗುಂಡಿ, ದಿಬ್ಬದ ಮೇಲೆ ಅದನ್ನು ಹಾರಿಸಿ ರೇಸು ಮಾಡುವ ಹುಚ್ಚು ಚಳ್ಳಕೆರೆಯಲ್ಲಿ ಏಳೆಂಟು ಜನಕ್ಕಿತ್ತು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅನ್ನುತ್ತಾರಲ್ಲ, ಆ ಎಡವಟ್ಟರಲ್ಲಿ ಮೊದಲನೆಯವರನ್ನು ನಾನು ಕಟ್ಟಿಕೊಂಡಿದ್ದೆ.

ಇವರದು ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಅಂಗಡಿ. ಸುಟ್ಟ ಮೋಟಾರು ಬಿಚ್ಚಿ ಹೊಸದಾಗಿ ತಾಮ್ರದ ತಂತಿ ಸುತ್ತುವ ಕೆಲಸ. ನನ್ನದು ಅದರ ಪಕ್ಕದಲ್ಲೇ ಸೀರೆಗೆ ಫಾಲ್ ಹಚ್ಚುವ, ಬ್ಲೌಸು ಹೊಲಿಯುವ ಕೆಲಸ. ನಮಗೆ ಮಕ್ಕಳಿಲ್ಲ. ಅದಕ್ಕೇ ಆಟಿಕೆ ಇಟ್ಟುಕೊಂಡಿದ್ದಾನೆ ಎಂದು ಬ್ಲೌಸು ಕೊಡಲು ಬಂದ ಹೆಂಗಸೊಬ್ಬಳು ನನ್ನೆದುರಿಗೇ ಅಂದಳು. ನಿನಗೆ ಮೂವರಿದ್ದಾರೆ, ಆದರೂ ನಿನ್ನ ಗಂಡ ಇಸ್ಪೀಟು ಬಿಟ್ಟಿಲ್ಲವಲ್ಲ ಎಂದು ಬಾಯಿ ಮುಚ್ಚಿಸಿದೆ. ಆಮೇಲೆ ಅವಳು ನನ್ನ ಹತ್ತಿರ ಹೊಲಿಸಲಿಲ್ಲ.

ಮುಚ್ಚಿಹೋದ ಎಣ್ಣೆ ಮಿಲ್ಲೊಂದರ ಹಿಂದಿನ ಬಯಲು ಇವರ ರೇಸಿನ ಜಾಗ. ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋದ ಕೂಡಲೇ ಇವರು ಕಾರು ಇಳಿಸುತ್ತಿರಲಿಲ್ಲ. ಕುಕ್ಕರುಗಾಲಲ್ಲಿ ಕೂತು ಹೆಬ್ಬೆರಳಿನಿಂದ ನೆಲ ಒತ್ತಿ ನೋಡುವರು. ಆಮೇಲೆ ಅದೇ ಹೆಬ್ಬೆರಳಿನಿಂದ ಡಬ್ಬಿಯಲ್ಲಿದ್ದ ಟೈರುಗಳನ್ನು ಒಂದೊಂದಾಗಿ ಒತ್ತುವರು. ಸಡಿಲ ಮಣ್ಣಿಗೆ ಮೈತುಂಬ ಮುಳ್ಳಿರುವ ಟೈರು, ಅದನ್ನು ಪಿನ್ ಟೈರು ಅನ್ನುತ್ತಾರೆ. ಗಟ್ಟಿ ನೆಲಕ್ಕೆ ಮೆತ್ತಗಿನ ರಬ್ಬರು, ಚಪ್ಪಟೆ ಹಲ್ಲು. ಚಳ್ಳಕೆರೆಯ ನೆಲ ಎರಡೂ ಅಲ್ಲ. ಅಡಿಯಲ್ಲಿ ಬಂಡೆಯ ಹಾಗೆ ಗಟ್ಟಿ, ಮೇಲೆ ಹುರಿದ ರವೆಯಂಥ ಗರಸು. ಮೆತ್ತಗಿನ ಟೈರು ಹಾಕಿದರೆ ನಾಲ್ಕು ವಾರಕ್ಕೆ ತಿಂದುಹಾಕುತ್ತಿತ್ತು.

"ಕಣ್ಣಿಗೆ ಟೈರು ಮೋಸ ಮಾಡ್ತೈತೆ ಕಣೇ, ಹೆಬ್ಬೆಟ್ಟಿಗೆ ಮಾಡಲ್ಲ. ಒತ್ತಿ ನೋಡು," ಎಂದು ನನ್ನ ಬೆರಳನ್ನೂ ಹಿಡಿದು ಒತ್ತಿಸುತ್ತಿದ್ದರು.

ನಮ್ಮ ಊರಲ್ಲಿ ಕಿವಿ ನೋವಿಗೂ ಶೇಂಗಾ ಎಣ್ಣೆ, ಮಂಡಿ ನೋವಿಗೂ ಶೇಂಗಾ ಎಣ್ಣೆ, ಕಿರುಗುಟ್ಟುವ ಬಾಗಿಲಿಗೂ ಅದೇ. ಒಮ್ಮೆ ಗಟ್ಟಿಯಾದ ಟೈರುಗಳು ಮೆತ್ತಗಾಗಲಿ ಎಂದು ಇವರು ರಾತ್ರಿಯೆಲ್ಲ ಎಣ್ಣೆಯಲ್ಲಿ ನೆನೆಹಾಕಿದರು. ಬೆಳಿಗ್ಗೆ ನೋಡಿದರೆ ನಾಲ್ಕೂ ಪೂರಿಯ ಹಾಗೆ ಉಬ್ಬಿ, ಅಂಟು ಬಿಟ್ಟು, ಚಕ್ರದಿಂದ ಕಳಚಿ ಬಿದ್ದಿದ್ದವು. ಇನ್ನೊಂದು ಸ್ವಲ್ಪ ಕರಿದಿದ್ದರೆ ಚಟ್ನಿ ಮಾಡುತ್ತಿದ್ದೆ ಎಂದೆ. ಇವರು ನಗಲಿಲ್ಲ. ಮಧ್ಯಾಹ್ನ ಅಂಗಡಿಗೆ ಬಂದ ರೈತರೊಬ್ಬರಿಗೆ ತಾವೇ ಅದನ್ನು ಹೇಳಿಕೊಂಡು ನಗುತ್ತಿದ್ದರು.

ಟೈರಿನ ಕತೆ ಹೀಗಾದರೆ ಬಾಡಿಯದು ಬೇರೆ. ಕಾರಿನ ಮೇಲ್ಭಾಗದ ಚಿಪ್ಪಿಗೆ ಬಾಡಿ ಅನ್ನುತ್ತಾರೆ. ಗಾಜಿನಂತೆ ಕಾಣುವ ತೆಳು ಪ್ಲಾಸ್ಟಿಕ್ಕು. ಅದನ್ನು ಬೇಕಾದಂತೆ ಕತ್ತರಿಸಿ, ಬಣ್ಣ ಹಚ್ಚಿ, ಕಾರಿಗೆ ಕೂರಿಸಬೇಕು. ಇವರು ನನ್ನ ಬಟ್ಟೆ ಕತ್ತರಿಯಲ್ಲೇ ಅದನ್ನು ಕತ್ತರಿಸಿದರು, ನಾನು ಎರಡು ದಿನ ಮಾತು ಬಿಟ್ಟೆ. ಹೊರಗಿನಿಂದ ಬಣ್ಣ ಹೊಡೆದರು, ಮೊದಲ ಪಲ್ಟಿಗೇ ಹೊಪ್ಪಳೆ ಹೊಪ್ಪಳೆಯಾಗಿ ಎದ್ದಿತು. ಆಮೇಲೆ ಗೊತ್ತಾಯಿತು, ಬಣ್ಣವನ್ನು ಒಳಗಡೆಯಿಂದ ಹಚ್ಚಬೇಕಂತೆ. ಮೇಲೆ ಕಾಣಬೇಕಾದ ಗೆರೆ ಮೊದಲು, ಹಿಂದಿನ ಬಣ್ಣ ಕೊನೆಗೆ. ಎಲ್ಲವೂ ತಿರುವುಮುರುವು.

ಆ ಕೆಲಸವನ್ನು ಮೊಳಕಾಲ್ಮೂರಿನ ನನ್ನ ತಮ್ಮ ವಹಿಸಿಕೊಂಡ. ನನ್ನ ತವರು ಅದು. ಅಲ್ಲಿ ಮನೆಯೊಳಗೇ ಮಗ್ಗ, ಅಪ್ಪನ ನಂತರ ಈಗ ತಮ್ಮ ನೇಯುತ್ತಾನೆ. ಅವನು ಕಾರಿನ ಬಾಡಿಗೆ ಎರಡೂ ಪಕ್ಕದಲ್ಲಿ ರೇಷ್ಮೆ ಸೀರೆಯ ಗುಡಿ ಅಂಚನ್ನೇ ಬರೆದು ಕಳಿಸಿದ. ಗಾಢ ಕೆಂಪು ಮೈ, ಹಳದಿ ಅಂಚು. ಭಾನುವಾರದ ಗುಂಪಿನವರು ಕಾರಿಗೆ ಸೀರೆ ಉಡಿಸಿದ್ದಾರೆ ಎಂದು ಬಿದ್ದು ಬಿದ್ದು ನಕ್ಕರು. ಇವರಿಗೆ ಮಾತ್ರ ಅದರಷ್ಟು ಚೆಂದದ್ದು ಲೋಕದಲ್ಲಿಲ್ಲ. ನಾನೂ ಹೇಳಿಬಿಡುತ್ತೇನೆ, ನನಗೂ ಅದು ಚೆಂದವಾಗಿಯೇ ಕಾಣುತ್ತಿತ್ತು.

ಇದೆಲ್ಲ ಚೆನ್ನಾಗಿದ್ದ ಕಾಲದ ಮಾತು. ಒಂದು ದಿನ ಇವರ ಕೈಯಿಂದ ಸ್ಕ್ರೂಡ್ರೈವರ್ ಬಿತ್ತು. ಎತ್ತಿಕೊಂಡರು, ಮತ್ತೆ ಬಿತ್ತು. ಬಲಗೈಯ ಹೆಬ್ಬೆರಳಿನ ಬುಡದ ಮಾಂಸ ಇಳಿದು ಅಲ್ಲೊಂದು ಕುಳಿ ಬಿದ್ದಿರುವುದನ್ನು ಊಟ ಬಡಿಸುವಾಗ ನಾನು ನೋಡಿದೆ. ದಾವಣಗೆರೆಯ ಡಾಕ್ಟರು ಕೈಗೆ ಸೂಜಿ ಚುಚ್ಚಿ, ತಂತಿ ಹಚ್ಚಿ ಏನೇನೋ ಪರೀಕ್ಷೆ ಮಾಡಿದರು. ನರದ ರೋಗ, ಒಂದು ಕೈಯಿಂದ ಇನ್ನೊಂದಕ್ಕೆ, ಆಮೇಲೆ ಉಳಿದದ್ದಕ್ಕೆ ಹೋಗುತ್ತದೆ, ಮದ್ದಿಲ್ಲ ಎಂದರು. ಇನ್ನೊಬ್ಬರನ್ನು ಕೇಳಿದೆವು, ಅವರೂ ಅದನ್ನೇ ಹೇಳಿದರು. ಬರುವಾಗ ಬಸ್ಸಿನಲ್ಲಿ ಇವರು ಒಂದೇ ಮಾತು ಆಡಿದ್ದು: "ಎಡಗೈ ಇನ್ನಾ ಐತಲ್ಲ."

ರಿಮೋಟು ಪಿಸ್ತೂಲಿನ ಆಕಾರದ್ದು. ಎಡಗೈಯಲ್ಲಿ ಹಿಡಿದು ತೋರುಬೆರಳಿನಿಂದ ಟ್ರಿಗರ್ ಎಳೆದರೆ ಕಾರು ಓಡುತ್ತದೆ, ಬಿಟ್ಟರೆ ನಿಧಾನವಾಗುತ್ತದೆ. ಬಲಗಡೆ ಒಂದು ಪುಟ್ಟ ಚಕ್ರ, ಅದನ್ನು ಬಲಗೈಯಲ್ಲಿ ತಿರುಗಿಸಿದ ಹಾಗೆ ಕಾರು ತಿರುಗುತ್ತದೆ. ಇವರ ಬಲಗೈ ಪೂರ್ತಿ ಸೋತ ಮೇಲೆ ಆ ಚಕ್ರ ನನ್ನ ಪಾಲಿಗೆ ಬಂತು. ಇವರು ಕುರ್ಚಿಯಲ್ಲಿ, ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ, ಒಂದೇ ರಿಮೋಟಿಗೆ ಇಬ್ಬರ ಕೈ. ಮದುವೆಯಲ್ಲಿ ಧಾರೆ ಎರೆಯುವಾಗಲೂ ನಾವು ಅಷ್ಟು ಹೊತ್ತು ಕೈಗೆ ಕೈ ಸೇರಿಸಿ ಕೂತಿರಲಿಲ್ಲ.

ಜಗಳಕ್ಕೇನೂ ಬರವಿರಲಿಲ್ಲ. ತಿರುವು ಬಂದಾಗ ಇವರು ವೇಗ ಬಿಡಬೇಕು, ನಾನು ತಿರುಗಿಸಬೇಕು.

"ಬಿಡ್ರೀ, ಬಿಡ್ರೀ!"

"ಬಿಟ್ಟೀನಿ, ನೀನು ತಿರುಗ್ಸು ಮೊದ್ಲು. ಹೊಲಿಗೆ ಮಿಷನ್ ಅಂದ್ಕಂಡಿದೀಯೇನು?"

ಆದರೂ ಓಡುತ್ತಿತ್ತು. ಒಂದೆರಡು ಸಲ ಕೊನೆಯಿಂದ ಎರಡನೆಯವರಾಗಿ ಬಂದೆವು. ಅಂಗಡಿಯನ್ನು ಬೇರೆಯವರಿಗೆ ಬಿಟ್ಟಾಗಿತ್ತು, ಅನ್ನ ಕಲಸಿ ನಾನೇ ತಿನ್ನಿಸುತ್ತಿದ್ದೆ. ಇವರು ತಮ್ಮ ಕೈಯಿಂದ ಮಾಡುತ್ತಿದ್ದ ಕೆಲಸವೆಂದರೆ ಅದೊಂದೇ, ಭಾನುವಾರ ಟ್ರಿಗರ್ ಎಳೆಯುವುದು. ಸೋಮವಾರದಿಂದ ಶನಿವಾರದವರೆಗೆ ಇವರು ಭಾನುವಾರಕ್ಕಾಗಿ ಬದುಕಿದ್ದರು. ನಾನು ಅದನ್ನು ಹೇಗಾದರೂ ಉಳಿಸಬೇಕೆಂದಿದ್ದೆ.

ರೋಗಕ್ಕೆ ನಮ್ಮ ಲೆಕ್ಕ ಗೊತ್ತಿರಲಿಲ್ಲ. ಎಡಗೈಯ ಬೆರಳೂ ಬಿರುಸಾಗಿ ಸೆಟೆಯತೊಡಗಿತು. ಎಳೆದ ಬೆರಳು ಬೇಗ ಬಿಡದು. ಹೊಸ ಪಿನ್ ಟೈರು ನೆಲವನ್ನು ಕಚ್ಚಿ ಹಿಡಿಯುತ್ತಿತ್ತು. ತಿರುವಿನಲ್ಲಿ ವೇಗ ಇಳಿಯುತ್ತಿರಲಿಲ್ಲವಾದ್ದರಿಂದ ಕಾರು ಎಡವಿದವರ ಹಾಗೆ ಮುಗ್ಗರಿಸಿ ನಾಲ್ಕು ಪಲ್ಟಿ ಹೊಡೆಯುತ್ತಿತ್ತು. ಬಾಡಿ ಸೀಳುತ್ತಿತ್ತು. ನನ್ನ ತಮ್ಮ ದಪ್ಪ ಪ್ಲಾಸ್ಟಿಕ್ಕಿನ ಬಾಡಿ ತರಿಸಿ ಅದಕ್ಕೂ ಅಂಚು ಬರೆದುಕೊಟ್ಟ. ಅದು ಅಗಲ ಜಾಸ್ತಿ, ಆಷಾಢದ ಗಾಳಿಗೆ ಕೊಡೆಯ ಹಾಗೆ ಎದ್ದು ಕಾರನ್ನೇ ಎತ್ತುತ್ತಿತ್ತು. ಹಿಂಭಾಗದಲ್ಲಿ ಗಾಳಿ ಹೋಗಲು ತೂತು ಕತ್ತರಿಸಿದೆ. ಈ ಸಲ ನನ್ನ ಬಟ್ಟೆ ಕತ್ತರಿಯನ್ನು ನಾನೇ ಹಾಳು ಮಾಡಿದೆ. ಅದೂ ಸೀಳಿತು. ಪಲ್ಟಿಯಾದಾಗಲೆಲ್ಲ ಗುಂಪಿನವರು ಸುಮ್ಮನಾಗುತ್ತಿದ್ದರು. ಮೊದಲು ನಗುತ್ತಿದ್ದವರು ಅವರು. ಆ ಸುಮ್ಮನಿರುವಿಕೆ ಇವರಿಗೆ ಕೇಳಿಸಬಾರದೆಂದು ನಾನು ಏನಾದರೂ ಬಡಬಡಿಸುತ್ತಿದ್ದೆ.

ಒಂದು ಭಾನುವಾರ ಅವಸರದಲ್ಲಿ ಡಬ್ಬಿಯ ತಳದಲ್ಲಿದ್ದ ಸವೆದ ಟೈರುಗಳನ್ನು ಹಾಕಿಬಿಟ್ಟೆ. ಹಲ್ಲೇ ಉಳಿದಿರಲಿಲ್ಲ. ಅವತ್ತು ಕಾರು ಪಲ್ಟಿಯಾಗಲಿಲ್ಲ! ಬೆರಳು ಬಿಡದಿದ್ದರೂ ಬೋಳು ಟೈರು ನೆಲ ಹಿಡಿಯದೆ ಪಕ್ಕಕ್ಕೆ ಜಾರಿ, ಒದ್ದಾಡಿ, ಹೇಗೋ ತಿರುವು ದಾಟುತ್ತಿತ್ತು. ಎಲ್ಲರಿಗಿಂತ ಹಿಂದೆ ಬಂದೆವು, ಆದರೆ ನಾಲ್ಕು ಚಕ್ರದ ಮೇಲೆ ಬಂದೆವು.

"ಯಾಕೋ ಜಾರ್ತೈತೆ," ಎಂದರು ಇವರು.

"ಪಿನ್ ಟೈರೇ ಹಾಕೀನಿ ಕಣ್ರೀ."

"ಹಂಗಾರೆ ನೆಲ ಕೆಟ್ಟೈತೆ. ಗರಸು ಜಾಸ್ತಿಯಾಗೈತೆ."

ಅಂದಿನಿಂದ ನೆಲ ಕೆಡುತ್ತಲೇ ಹೋಯಿತು. ಸವೆದ ಟೈರು ಮುಗಿದ ಮೇಲೆ ಹೊಸ ಟೈರುಗಳನ್ನು ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಉಜ್ಜಿ ಮುಳ್ಳು ಬೋಳಿಸುತ್ತಿದ್ದೆ. ಬೆರಳು ಇನ್ನಷ್ಟು ಬಿರುಸಾದರೆ ಇನ್ನಷ್ಟು ನುಣ್ಣಗೆ ಉಜ್ಜುತ್ತಿದ್ದೆ. ಒಳಗಿನಿಂದ ಇವರು ಕೇಳುವರು, "ಏನೇ ಅದು, ಅಷ್ಟೊತ್ತಿಂದ ಉಜ್ತಿದೀಯ?" ನಿಮ್ಮ ಪಂಚೆ ಕಣ್ರೀ, ಮಣ್ಣು ಹೋಗ್ತಿಲ್ಲ ಎನ್ನುವೆ. ಕಪ್ಪು ರಬ್ಬರಿನ ಪುಡಿಯನ್ನು ನೀರು ಹೊಯ್ದು ತೊಳೆಯುವಾಗ ಅಳು ಬರುತ್ತಿತ್ತು. ಅಳುತ್ತಿದ್ದೆ. ಆಮೇಲೆ ಒಳಗೆ ಹೋಗಿ ಬೈಯುತ್ತಿದ್ದೆ, ಬೈಯದಿದ್ದರೆ ಇವರಿಗೆ ಅನುಮಾನ ಬರುತ್ತಿತ್ತು.

ಕಳೆದ ವರ್ಷ ಮುಂಗಾರಿನ ಮೊದಲ ಮಳೆಯಾದ ಮಾರನೆಯ ದಿನ ಮೊಳಕಾಲ್ಮೂರಿನಲ್ಲಿ ಓಡಿಸೋಣವೆಂದು ನನ್ನ ತಮ್ಮ ಎಲ್ಲರನ್ನೂ ಕರೆದ. ಊರಾಚೆ ಬಂಡೆಗುಡ್ಡದ ಕೆಳಗೆ ಅವನ ಸ್ನೇಹಿತನ ಬೀಳು ಹೊಲ. ಇವರಿಗೆ ಆಗಲೇ ನಡೆಯಲು ಆಗುತ್ತಿರಲಿಲ್ಲ, ಇಬ್ಬರು ಕುರ್ಚಿಸಮೇತ ಎತ್ತಿ ತಂದು ಕೂರಿಸಿದರು. ತೊಂದರೆ ಕೊಟ್ಟೆ ಎಂದು ಇವರು ಅಂದಾಗ ತಮ್ಮ, "ಪರ್ವಾಲೇದು ಬಾವಾ, ನೀವ್ ಬಂದಿದ್ದೇ ಹೆಚ್ಚು," ಎಂದ. ನಮ್ಮ ತವರಿನಲ್ಲಿ ಪ್ರೀತಿ ಹೆಚ್ಚಾದರೆ ತೆಲುಗು ಬರುತ್ತದೆ.

ರಿಮೋಟನ್ನು ಇವರ ತೊಡೆಯ ಮೇಲಿಟ್ಟು, ಎಡಗೈಯನ್ನು ಅದಕ್ಕೆ ಸುತ್ತಿ, ಬೆರಳನ್ನು ಟ್ರಿಗರಿನೊಳಗೆ ನಾನೇ ತೂರಿಸಿದೆ. ಓಟ ಶುರುವಾಯಿತು. ಹಸಿ ಹಿಡಿದ ನೆಲ, ಕಲಸಿಟ್ಟ ಹಿಟ್ಟಿನಂತೆ ಹದವಾಗಿತ್ತು. ಉಳಿದವರ ಕಾರುಗಳು ಹಳಿಯ ಮೇಲೆ ಹೋದಂತೆ ತಿರುಗುತ್ತಿದ್ದವು. ನಮ್ಮದೊಂದೇ ಮೊದಲ ತಿರುವಿನಲ್ಲೇ ಜಾರಿ ಹೊಲದ ಬದುವಿಗೆ ಹೋಗಿ ನಿಂತಿತು. ಎರಡನೆಯ ಸಲವೂ ಜಾರಿತು.

ಇವರು ನೆಲವನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ನಿನ್ನೆ ಮಳೆ ಬಿದ್ದೈತೆ. ಈ ನೆಲದಾಗೂ ಜಾರ್ತೈತೇನೇ?"

ನಾನು ಟೈರಿನ ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚಿದೆ.

"ಟೈರು ತೋರ್ಸು."

ಡಬ್ಬಿ ತೆಗೆದು ಹೊಸ ಪಿನ್ ಟೈರುಗಳನ್ನು ಹಿಡಿದೆ. "ಅವಲ್ಲ. ಕಾರಿಂದು," ಎಂದರು. ನನ್ನ ತಮ್ಮ ಕಾರನ್ನು ಎತ್ತಿಕೊಂಡು ಬಂದ. ಮಣ್ಣು ಮೆತ್ತಿದ್ದರಿಂದ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ನಾನು ಅದನ್ನೇ ನಂಬಿದ್ದೆ. ಆದರೆ ಇವರು ಕಣ್ಣಿನಿಂದ ಟೈರು ನೋಡಿದವರೇ ಅಲ್ಲ.

"ಹೆಬ್ಬೆಟ್ಟು ಇಡು," ಎಂದರು.

ಇವರ ಕೈಯನ್ನು ಎತ್ತಲು ಇವರಿಗೆ ಆಗದು. ನಾನೇ ಎತ್ತಬೇಕು. ಸೆರಗಿನಿಂದ ಟೈರಿನ ಮಣ್ಣು ಒರೆಸಿದೆ. ಕೋಲಿನಂತಾಗಿದ್ದ ಆ ಬಲಗೈಯನ್ನು ಎತ್ತಿ, ಹೆಬ್ಬೆರಳನ್ನು ರಬ್ಬರಿನ ಮೇಲಿಟ್ಟು, ನಾನೇ ಮೆಲ್ಲಗೆ ಒತ್ತಿ, ಈ ತುದಿಯಿಂದ ಆ ತುದಿಗೆ ಎಳೆದೆ. ಕೈಯಲ್ಲಿ ಬಲ ಹೋಗಿತ್ತೇ ಹೊರತು ಮುಟ್ಟಿದ್ದು ತಿಳಿಯುತ್ತಿತ್ತು. ಅದೇ ಈ ರೋಗದ ದರಿದ್ರ. ನುಣುಪು ತಿಳಿಯಲು ಎಷ್ಟು ಹೊತ್ತು ಬೇಕು?

"ಒಗೆಯೋ ಕಲ್ಲಿನ ಮ್ಯಾಲೆ ಉಜ್ತಿದ್ದುದು ಇದನ್ನೇ?"

"ಹೂಂ ಕಣ್ರೀ."

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಸಾಕಿತ್ತು, ನಾನೂ ತಿರುಗಿ ಬೈಯುತ್ತಿದ್ದೆ, ಇಬ್ಬರೂ ಮನೆಗೆ ಹೋಗುತ್ತಿದ್ದೆವು. ಇವರು ಮಾತ್ರ ಆ ಟೈರಿನ ಮೇಲೆ ಇನ್ನೊಂದು ಸಲ ಬೆರಳಾಡಿಸು ಎಂದರು. ಆಡಿಸಿದೆ.

"ಚೆನ್ನಾಗಿ ಉಜ್ಜಿದೀಯ. ಒಂದೇ ಸಮ ಐತೆ," ಎಂದರು. "ನೆಲ ನೋಡಿ ಹಾಕಿಲ್ಲ, ನನ್ನ ಕೈ ನೋಡಿ ಹಾಕಿದೀಯ. ಈ ಕೈಗೆ ಇದೇ ಸರಿ."

ನನ್ನ ತಮ್ಮ ತಲೆ ತಗ್ಗಿಸಿ ಕಾರಿನ ಬಾಡಿಯನ್ನು ಒರೆಸುತ್ತ ನಿಂತ. ಇವರು ಮೊದಲೆಲ್ಲ ಭಾನುವಾರ ಹೇಳುತ್ತಿದ್ದ ದನಿಯಲ್ಲೇ ಹೇಳಿದರು: "ಈಗ ಈ ನೆಲಕ್ಕೆ ಯಾವ್ದು ಬೇಕೋ ಅದನ್ನ ಹಾಕು. ಹೊಸ ಪಿನ್ ಹಾಕು."

"ಪಲ್ಟಿ ಆಗ್ತೈತೆ ಕಣ್ರೀ."

"ಆಗಲ್ಲ. ನನ್ನ ಬೆರಳು ತೆಗಿ."

ಟೈರು ಬದಲಿಸಿದೆ. ನಾಲ್ಕೂ ನಟ್ಟು ಬಿಗಿದೆ. ಆಮೇಲೆ ಟ್ರಿಗರಿನಿಂದ ಇವರ ಬೆರಳು ಬಿಡಿಸಿದೆ. ಬಿರುಸಾಗಿ ಮಡಚಿಕೊಂಡಿತ್ತು, ಬಿಡಿಸಲು ಸ್ವಲ್ಪ ಜೋರು ಮಾಡಬೇಕಾಯಿತು. ನೋವಾಯಿತೇನ್ರೀ ಎಂದೆ. ಇಲ್ಲವೆಂದು ತಲೆಯಾಡಿಸಿದರು. ಆ ಕೈಯನ್ನು ಇವರ ತೊಡೆಯ ಮೇಲಿಟ್ಟು, ಬೆಚ್ಚಗಿದ್ದ ಟ್ರಿಗರಿನೊಳಗೆ ನನ್ನ ಬೆರಳು ಹಾಕಿದೆ.

ಕಾರು ಹೊರಟಿತು. ತಿರುವಿನಲ್ಲಿ ಬೆರಳು ಬಿಟ್ಟೆ, ಚಕ್ರ ತಿರುಗಿಸಿದೆ. ಕೆಂಪು ಮೈ, ಹಳದಿ ಅಂಚು, ಒಂದಿಷ್ಟೂ ಜಾರದೆ ನೆಲ ಕಚ್ಚಿ ತಿರುಗಿ ನೇರವಾಗಿ ಹೋಯಿತು.

"ನೋಡು," ಎಂದರು ಇವರು ಪಕ್ಕದಿಂದ. "ನೆಲ ಚೆನ್ನಾಗೇ ಐತೆ."