ಮುಯ್ಯಾಳಿಗೆ ಹೋದ ಹಡಗುಗಳು

ಹೋದ ಸಲ ಈರುಳ್ಳಿ ಕೀಳೋ ಹೊತ್ತಿಗೆ ನನ್ನ ಊರು ಹೋಯ್ತು. ಹೀಗಂದ್ರೆ ಅಜ್ಜಂಪುರದಲ್ಲಿ ನಮ್ಮ ಬೀದಿ ಹೆಂಗಸರು ಗಾಬರಿಯಾಗಿ, ಅಯ್ಯೋ ಕೆರೆ ಒಡೀತಾ, ಬೆಂಕಿ ಬಿತ್ತಾ ಅಂತಾರೆ. ಫೋನಿನಲ್ಲಿ ಆಡೋ ಆಟದೊಳಗಿನ ಊರು ಕಣ್ರೇ ಅಂದ್ರೆ ಸೆರಗು ಬಾಯಿಗಿಟ್ಟುಕೊಂಡು ನಗ್ತಾರೆ. ನಗ್ಲಿ. ಊರ ಬಾಯಿಗೆ ಬೀಗ ಹಾಕಕ್ಕಾಗುತ್ತಾ? ನನಗೆ ಮಾತ್ರ ಅದನ್ನ ನೆನೆಸಿಕೊಂಡ್ರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಹೋಗಿದ್ದಕ್ಕಿಂತ ಹೋದ ರೀತಿಗೆ.

ಆಟ ಏನು ಅಂತ ಹೇಳಿಬಿಡ್ತೀನಿ. ಒಂದು ಸಮುದ್ರ, ಅದರ ತುಂಬ ದ್ವೀಪ, ದ್ವೀಪದ ಮೇಲೆ ನಮ್ಮ ನಮ್ಮ ಊರು. ಗೋಡೆ ಕಟ್ಟಬೇಕು, ಬಂದರು ಕಟ್ಟಬೇಕು, ಹಡಗು ಕಟ್ಟಬೇಕು. ಎದುರುಗಡೆ ಇರೋರೂ ಮನುಷ್ಯರೇ, ಎಲ್ಲೋ ಕೂತು ನಮ್ಮಂಗೇ ಫೋನ್ ಒತ್ತೋರು. ಅವರು ಹಡಗು ಹೊರಡಿಸಿದ ತಕ್ಷಣ ನಮ್ಮೂರಿನ ಪಕ್ಕ ಒಂದು ಕೆಂಪು ಬಾವುಟ ಬರುತ್ತೆ, ಇಷ್ಟು ಹೊತ್ತಿಗೆ ದಡ ಮುಟ್ಟುತ್ತೆ ಅಂತ ಗಡಿಯಾರ ಓಡಕ್ಕೆ ಶುರುವಾಗುತ್ತೆ. ಮುಂದೆ ಬರೋ ಹಡಗುಗಳು ನಮ್ಮ ಕಾವಲು ಮುರಿಯೋವು. ಹಿಂದೆ ಒಂದು ದೊಡ್ಡ ಹಡಗು ನಿಧಾನಕ್ಕೆ ಬರುತ್ತೆ. ಅದು ದಡ ಮುಟ್ಟೋ ಹೊತ್ತಿಗೆ ಬಂದರಲ್ಲಿ ಕಾಯೋರು ಇಲ್ಲ ಅಂದ್ರೆ ಊರು ಅವರದ್ದು, ಕಟ್ಟಿದ್ದು ಪೂರಾ. ಒಬ್ಬರ ಹಡಗಿನಿಂದ ಇದು ಆಗೋ ಕೆಲಸ ಅಲ್ಲ. ಅದಕ್ಕೇ ಗುಂಪು ಕಟ್ಟಿಕೊಂಡು ಒಬ್ಬರ ಬಂದರಿಗೆ ಇನ್ನೊಬ್ಬರು ಹಡಗು ಕಳಿಸಿ ಕಾಯೋದು.

ನಮ್ಮ ಗುಂಪು ಅಂದ್ರೆ ನೆಂಟರೇ. ಅಜ್ಜಂಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರೋ ನಮ್ಮನೆಯವರು, ಕಡೂರಿನಲ್ಲಿರೋ ನಾದಿನಿ ಗಂಡ, ತರೀಕೆರೆ ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಮಾಡಿಕೊಂಡಿರೋ ನನ್ನ ತಮ್ಮ, ದೇವನೂರು ಕಡೆಯ ಒಂದಿಬ್ಬರು ಸ್ನೇಹಿತರು. ನಾದಿನಿ ಗಂಡನನ್ನ ನಾನು ಅಣ್ಣ ಅಂತ ಕರೀತೀನಿ. ನನ್ನನ್ನ ಯಾರೂ ಕರೀಲಿಲ್ಲ, ನಾನೇ ಸೇರಿಕೊಂಡೆ. ಅಂಗಡಿಗೆ ಲೋಡ್ ಬಂದಾಗ ಇವರು, ಏ, ಇದನ್ನ ಸ್ವಲ್ಪ ನೋಡ್ಕೊಳೇ ಅಂತ ಫೋನ್ ನನ್ನ ಕೈಗೆ ಕೊಟ್ಟು ಹೋಗೋರು. ನೋಡ್ಕೊಳ್ತಾ ನೋಡ್ಕೊಳ್ತಾ ರುಚಿ ಹತ್ತಿತು. ನನ್ನ ಫೋನಿನಲ್ಲೇ ನನ್ನದೊಂದು ಊರು ಕಟ್ಟಿಕೊಂಡೆ, ಇವರ ಊರಿದ್ದ ದ್ವೀಪದಲ್ಲೇ.

ಅದಕ್ಕೆ ಚೌಳಹಿರಿಯೂರು ಅಂತ ಹೆಸರಿಟ್ಟೆ, ನನ್ನ ತವರು. ಚೌಳಹಿರಿಯೂರಿಗೆ ಬಂದರು ಬೇರೆ ಕೇಡು ಅಂತ ಇವರು ನಕ್ಕರು. ನಕ್ಕರೆ ನಕ್ಕರು, ನಾನು ಕಟ್ಟಿದೆ. ಒಲೆ ಮೇಲೆ ಸಾರು ಕುದಿಯೋ ಹೊತ್ತಲ್ಲಿ ಗೋಡೆ ಎತ್ತರ ಮಾಡ್ತಿದ್ದೆ, ಬಟ್ಟೆ ಒಣಗಿಸಿ ಬಂದು ಹಡಗು ಕಟ್ಟಕ್ಕೆ ಹಾಕ್ತಿದ್ದೆ. ಈ ಮನೇಲಿ ಹೊಲ ಅತ್ತೆ ಹೆಸರಲ್ಲಿದೆ, ಅಂಗಡಿ ಇವರ ಹೆಸರಲ್ಲಿದೆ, ಅಡುಗೆಮನೆ ಡಬ್ಬ ಯಾವ ಹಲಗೆ ಮೇಲಿರಬೇಕು ಅನ್ನೋದೂ ನನ್ನ ಇಷ್ಟಕ್ಕೆ ಬಿಟ್ಟಿದ್ದಲ್ಲ. ಅಲ್ಲಿ ಮಾತ್ರ ಗೋಡೆ ಎಲ್ಲಿ ಬರಬೇಕು, ದೀಪಸ್ತಂಭ ಎಲ್ಲಿ ನಿಲ್ಲಬೇಕು ಅಂತ ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ನನಗೆ ಆ ಊರು ಬೇಕಾಗಿತ್ತು. ಆಟವೋ ಪಾಟವೋ, ಬೇಕಾಗಿತ್ತು ಅಷ್ಟೇ.

ಕಾವಲಿಗೆ ಒಂದು ಪದ್ಧತಿ ಬೇಕು ಅಂತ ಬಂದಾಗ ಕಡೂರಿನ ಅಣ್ಣ, ಮುಯ್ಯಾಳು ಇಟ್ಕೊಂಬಿಡಣ ಕಣ್ರಪ್ಪ ಅಂದ್ರು. ಎಲ್ಲರಿಗೂ ಸರಿ ಅನ್ನಿಸ್ತು. ನಮ್ಮ ಕಡೆ ಹೊಲದ ಕೆಲಸ ನಡೆಯೋದೇ ಹಂಗಲ್ವಾ. ಇವತ್ತು ನಿಮ್ಮನೆಯೋರು ನಮ್ಮ ಹೊಲಕ್ಕೆ ಕಳೆ ಕೀಳಕ್ಕೆ ಬಂದ್ರೆ ನಾಳೆ ನಾವು ನಿಮ್ಮ ಹೊಲಕ್ಕೆ. ಕೂಲಿ ಇಲ್ಲ, ಆಳಿಗೆ ಆಳು. ಇಲ್ಲೂ ಹಂಗೇ, ನನ್ನ ಬಂದರಿಗೆ ನೀನು ಹಡಗು ಕಳಿಸು, ನಿನ್ನ ಬಂದರಿಗೆ ನಾನು.

ಎಲ್ಲರಿಗಿಂತ ಜಾಸ್ತಿ ಮುಯ್ಯಾಳು ಕಳಿಸಿದೋಳು ನಾನು. ಜಂಬ ಅಲ್ಲ, ಇದ್ದಿದ್ದು ಹೇಳ್ತಿದೀನಿ. ಗಂಡಸರಿಗೆ ಹಡಗು ಕಳಿಸೋದು ಗೊತ್ತು, ಯಾವಾಗ ಕಳಿಸಬೇಕು ಅನ್ನೋದು ಗೊತ್ತಿಲ್ಲ. ಬಾವುಟ ಕಂಡ ಕೂಡಲೇ ಎದ್ದೆನೋ ಬಿದ್ದೆನೋ ಅಂತ ಕಳಿಸೋರು. ಅವು ಹೋಗಿ ಮುಂದಿನ ಹಡಗುಗಳ ಬಾಯಿಗೆ ಬಿದ್ದು ಮುಳುಗೋವು. ಕೊನೇ ದೊಡ್ಡ ಹಡಗು ಬರೋ ಹೊತ್ತಿಗೆ ಬಂದರು ಬರಿದು. ನಾನು ಕಾಯ್ತಿದ್ದೆ. ಮುಂದಿನವು ಬಂದು ಹೊಡೆದಾಡಿ ಮುಗಿಸಿದ ಮೇಲೆ, ದೊಡ್ಡದು ದಡ ಮುಟ್ಟೋಕೆ ಸ್ವಲ್ಪ ಮುಂಚೆ ಹೋಗಿ ಸೇರೋ ಹಂಗೆ ಹೊರಡಿಸ್ತಿದ್ದೆ. ಅನ್ನ ಬಸಿಯೋ ಹದ ಗೊತ್ತಿದ್ದೋರಿಗೆ ಅದೇನು ದೊಡ್ಡ ವಿದ್ಯೆ ಅಲ್ಲ.

ತಮ್ಮನ ಊರನ್ನ ಹಾಗೆ ಉಳಿಸಿಕೊಟ್ಟೆ. ಅವತ್ತು ಅವನ ಅಂಗಡೀಲಿ ಗಿರಾಕಿ ತುಂಬಿದ್ರು, ಅವನಿಗೆ ಫೋನ್ ನೋಡಕ್ಕೂ ಪುರುಸೊತ್ತಿರಲಿಲ್ಲ. ಇಲ್ಲಿಂದ ನಾನೊಬ್ಬಳೇ ನೋಡಿಕೊಂಡು ಹಡಗು ಸೇರಿಸಿದೆ. ಎದುರಿನ ದೊಡ್ಡ ಹಡಗು ಅವನ ಬಂದರಿನ ಬಾಗಿಲಲ್ಲೇ ಮುಳುಗ್ತು. ಸಂಜೆ ಅವನು ಗುಂಪಿನಲ್ಲಿ, ಭಾವಾ, ಬಚಾವ್ ಮಾಡಿದ್ರಿ, ನಿಮ್ಮ ಋಣ ಇದೆ ಅಂತ ಬರೆದ. ಇವರು ಕೈ ಮುಗಿಯೋ ಚಿತ್ರ ಹಾಕಿದ್ರು. ನಾನು ತಮಾಷೆ ಅಂದ್ಕೊಂಡೆ. ಕಡೂರಿನ ಅಣ್ಣನಿಗೆ ಕಳಿಸಿದಾಗಲೂ ಅಷ್ಟೇ, ಅಜ್ಜಂಪುರದೋರ ಹಡಗು ಬಂತು ಅಂತ ಬರೆದ್ರು. ಅಜ್ಜಂಪುರದೋಳು ನಾನೂ ಹೌದಲ್ಲ ಅಂತ ಮುಂದಿನ ಹಡಗು ಕಟ್ಟಕ್ಕೆ ಹಾಕಿದೆ.

ಆಮೇಲೆ ಆ ದಿನ ಬಂತು. ಹೊಲದಲ್ಲಿ ಈರುಳ್ಳಿ ಕೀಳೋರಿದ್ರು, ಬೆಳಗ್ಗೆಯಿಂದ ಅವರಿಗೆ ಮುದ್ದೆ ಸಾರು ಮಾಡ್ತಿದ್ದೆ. ಮಧ್ಯೆ ಫೋನ್ ತೆಗೆದು ನೋಡಿದ್ರೆ ನಮ್ಮ ದ್ವೀಪದ ಸುತ್ತ ಕೆಂಪೋ ಕೆಂಪು. ಇವರ ಊರಿನ ಮೇಲೆ ಬಾವುಟದ ಸಾಲೇ ಇತ್ತು. ನನ್ನ ಚೌಳಹಿರಿಯೂರಿನ ಮೇಲೆ ಬರೀ ಬೆರಳೆಣಿಕೆಯಷ್ಟು. ಆದ್ರೆ ಇವರ ಮೇಲೆ ಬರ್ತಿದ್ದವೆಲ್ಲ ಸರಸರ ಬರೋ ದೋಣಿಗಳು, ಬೆದರಿಸಕ್ಕೆ ಬಿಟ್ಟಿದ್ದು. ನನ್ನ ಕಡೆ ಬರ್ತಿದ್ದರಲ್ಲಿ ಒಂದು ಆಮೆ ಹಂಗೆ ಬರ್ತಿತ್ತು. ಅಷ್ಟು ನಿಧಾನ ಬರೋದು ಊರು ಹಿಡಿಯೋ ಹಡಗು ಒಂದೇ.

ಗುಂಪಿನಲ್ಲಿ ಬರೆದೆ. ಇವರ ಊರಿನ ಮೇಲಿರೋದು ಬರೀ ಬೆದರಿಕೆ, ನಿಜವಾದ ಹೊಡೆತ ನನ್ನೂರಿಗೆ, ಎಲ್ಲರೂ ಇಲ್ಲಿಗೆ ಕಳಿಸಿ, ಮಧ್ಯಾಹ್ನದ ಊಟದ ಹೊತ್ತಿಗೆ ಬಂದು ಸೇರೋ ಹಂಗೆ ಕಳಿಸಿ ಅಂದೆ. ನನ್ನ ಹಡಗಿನಲ್ಲಿ ಮುಕ್ಕಾಲು ಪಾಲು ಕಡೂರಿನ ಅಣ್ಣನ ಬಂದರಲ್ಲೂ ತಮ್ಮನ ಬಂದರಲ್ಲೂ ಹಿಂದಿನ ಮುಯ್ಯಾಳಿಗೆ ಹೋಗಿ ಇನ್ನೂ ಅಲ್ಲೇ ನಿಂತಿದ್ದವು. ಆ ನಿಮಿಷವೇ ವಾಪಸ್ ಕರೆದೆ. ಅವು ಬರೋದು ತಡ ಅಂತ ಗಡಿಯಾರ ಹೇಳ್ತು. ಆದ್ರೂ ಧೈರ್ಯ ಇತ್ತು ನನಗೆ. ಎಷ್ಟು ಸಲ ಯಾರ್ಯಾರ ಊರು ಕಾದಿಲ್ಲ ನಾನು? ಇವತ್ತು ಆ ಮುಯ್ಯೆಲ್ಲ ತೀರುತ್ತೆ ಅಂದ್ಕೊಂಡೆ.

ಎಲ್ಲರೂ ಹೊರಟ್ರು. ಕಡೂರಿಂದ ಹೊರಟ್ರು, ತರೀಕೆರೆಯಿಂದ ಹೊರಟ್ರು, ದೇವನೂರಿನೋರೂ ಹೊರಟ್ರು. ಒಂದು ಹಡಗೂ ನನ್ನ ಬಂದರಿಗೆ ತಿರುಗಲಿಲ್ಲ. ಎಲ್ಲಾ ಇವರ ಊರಿಗೆ.

ತಮ್ಮನಿಗೆ ಫೋನ್ ಮಾಡಿದೆ. ಏನೋ ನೀನು, ನಾನು ಬರೆದಿದ್ದು ಓದಲಿಲ್ವೇನೋ ಅಂದೆ.

“ಓದ್ದೆ ಕಣಕ್ಕ. ಆದ್ರೆ ಭಾವಂಗೆ ಕಳಿಸದೆ ನಿನಗೆ ಕಳಿಸಿದ್ರೆ ಅವರು ಏನಂದ್ಕೊಂತಾರೆ? ಅವರ ಮುಯ್ಯಿ ಇದೆಯಲ್ಲ ನನ್ನ ಮೇಲೆ.”

“ಅವರದ್ದೆಲ್ಲಿಂದ ಬಂತೋ? ನಿನ್ನ ಊರು ಉಳಿಸಿದ್ದು ನಾನು ಕಣೋ!”

“ಅದೇ ಅಲ್ವೇನಕ್ಕ. ನೀನು ಕಳಿಸಿದ್ರೂ ಅವರ ಮನೆಯಿಂದ ಬಂದಂಗೇ ತಾನೇ?”

ಮೈಯೆಲ್ಲ ಉರಿದುಹೋಯ್ತು. ಒಡಹುಟ್ಟಿದೋನು ಕಣ್ರೀ. ಅವನು ಹುಟ್ಟಿ ಬೆಳೆದ ಊರಿನ ಹೆಸರು ಆ ಬಂದರಿನ ಮೇಲಿತ್ತು. ಆಗ ನನಗೆ ಹೊಳೀತು, ಇದು ಇವನೊಬ್ಬನ ಬುದ್ಧಿ ಅಲ್ಲ ಅಂತ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನನ್ನನ್ನ ಯಾರ್ಯಾರ ಹೊಲಕ್ಕೋ ಮುಯ್ಯಾಳಿಗೆ ಕಳಿಸೋರು. ಬಿಸಿಲಲ್ಲಿ ಕೂತು ಕಳೆ ಕಿತ್ತು ಬೆನ್ನು ಮುರಕೊಂಡೋಳು ನಾನು. ಅದಕ್ಕೆ ತಿರುಗಿ ಆಳು ಬಂದಿದ್ದು ಅತ್ತೆ ಹೊಲಕ್ಕೆ. ಮಗ ಹೋಗಲಿ, ಸೊಸೆ ಹೋಗಲಿ, ಮುಯ್ಯಿ ಮನೆಯದ್ದು. ಮನೆ ಅಂದ್ರೆ ಯಜಮಾನ. ಆ ಪದ್ಧತೀನ ಸಮುದ್ರಕ್ಕೂ ಹೊತ್ತುಕೊಂಡು ಹೋಗಿದ್ರು ನಮ್ಮ ಜನ.

ಅಂಗಡಿಗೇ ಓಡಿದೆ. ಇವರು ಮೂಟೆ ಮೇಲೆ ಕೂತು ಫೋನ್ ನೋಡ್ತಾ ಮುಖ ಅರಳಿಸಿಕೊಂಡಿದ್ರು. “ನೋಡೇ, ಎಷ್ಟು ಜನ ಬಂದವ್ರೆ ನನಗೋಸ್ಕರ!” ಅಂದ್ರು.

“ರೀ, ನಿಮ್ಮ ಮೇಲೆ ಏನೂ ಬರ್ತಿಲ್ಲ, ಖಾಲಿ ದೋಣಿಗಳು ಅವು. ನಿಮ್ಮ ಸ್ವಂತ ಹಡಗು ಇದಾವಲ್ಲ, ಅವನ್ನಾದ್ರೂ ನನ್ನ ಬಂದರಿಗೆ ಕಳಿಸಿ. ಒಂದೇ ದ್ವೀಪ, ಪಕ್ಕದ ಮನೆಯಷ್ಟು ದೂರ. ಈಗ ಕಳಿಸಿದ್ರೆ ಆಗುತ್ತೆ.”

ಇವರು ನನ್ನನ್ನ ಬುದ್ಧಿ ಇಲ್ಲದೋಳ ಹಂಗೆ ನೋಡಿದ್ರು. “ಅಲ್ಲ ಕಣೇ, ಇಷ್ಟು ಜನ ನಮ್ಮನೆ ಕೆಲಸಕ್ಕೆ ಅಂತ ಬಂದು ನಿಂತಿರುವಾಗ ನಾನೇ ಬಿಟ್ಟು ಎದ್ದು ಹೋದ್ರೆ ಮರ್ಯಾದೆನಾ? ಕಡೂರಿನ ಭಾವ ಏನು ತಿಳ್ಕೊಂತಾರೆ?”

ಮುಯ್ಯಾಳು ಬಂದ ದಿನ ಹೊಲದ ಯಜಮಾನ ಹೊಲ ಬಿಟ್ಟು ಕದಲಬಾರದು. ಅದೂ ಪದ್ಧತಿಯೇ. ಅಂಗೈಯಗಲದ ಫೋನಿನಲ್ಲಿ ಈ ಮಹಾರಾಯರು ಮರ್ಯಾದೆ ಕಾಯ್ತಾ ಕೂತಿದ್ರು. ನಾನು ಅಲ್ಲೇ ನಿಂತು ಅತ್ತುಬಿಟ್ಟೆ. ಗೊಬ್ಬರ ತಗೊಳ್ಳಕ್ಕೆ ಬಂದಿದ್ದ ರೈತ ಒಬ್ಬರು, ಏನಾಯ್ತವ್ವ, ಯಾರಿಗೇನಾಯ್ತು ಅಂತ ಕೇಳಿದ್ರು. ಏನೂ ಇಲ್ಲ ಬಿಡಿ, ಫೋನಿಂದು ಅಂತ ಇವರೇ ಹೇಳಿದ್ರು.

ಹೊಲಕ್ಕೆ ಬುತ್ತಿ ಹೊತ್ತುಕೊಂಡು ಹೋದೆ. ಕೆಲಸದೋರಿಗೆ ಬಡಿಸ್ತಿರುವಾಗ ಸೆರಗಿನ ಗಂಟಿನಲ್ಲಿ ಫೋನ್ ಗುಂಯ್ ಅಂತು. ಮುದ್ದೆ ಬಡಿಸಿ, ಕೈ ತೊಳೆದು ನೋಡಿದೆ. ಮುಂದಿನ ಹಡಗುಗಳು ಬಂದು ನನ್ನಲ್ಲಿ ಉಳಿದಿದ್ದ ಅಷ್ಟಿಷ್ಟನ್ನ ಮುಗಿಸಿದ್ದವು. ದೊಡ್ಡದು ಯಾರ ತಡೆಯೂ ಇಲ್ಲದೆ ಮದುವೆ ಗಂಡಿನ ಹಂಗೆ ಬಂದು ದಡ ಮುಟ್ಟಿತು. ವಾಪಸ್ ಬರ್ತಿದ್ದ ನನ್ನ ಹಡಗುಗಳಿಗೆ ಸೇರೋಕೆ ಊರೇ ಇರಲಿಲ್ಲ. ಆ ಆಟದಲ್ಲಿ ಊರು ಹೋದ್ರೆ ಅದರ ಹಡಗುಗಳು ಎಲ್ಲಿದ್ರೂ ಹೋದವೇ. ಇವರ ಬಂದರಲ್ಲಿ ಮಾತ್ರ ಮೂರು ತಾಲೂಕಿನ ಹಡಗು ಸಾಲಾಗಿ ನಿಂತು ಖಾಲಿ ದೋಣಿಗಳ ಜೊತೆ ಹೊಡೆದಾಡ್ತಿದ್ದವು. ಸಂಜೆಯೊಳಗೆ ಗೆದ್ದೋನು ಚೌಳಹಿರಿಯೂರು ಅನ್ನೋ ಹೆಸರನ್ನ ಅಳಿಸಿ ಬಾಯಿಗೆ ಬಾರದ ಯಾವುದೋ ಹೆಸರಿಟ್ಟ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಮ್ಮ ಗುಂಪಿನೋರು ಅದನ್ನೂ ಹಾಕಲಿಲ್ಲ. ಭಾವನ ಊರು ಉಳೀತು ಅಂತ ಗುಂಪಿನಲ್ಲಿ ಸಂಭ್ರಮ. ನನಗೆ ತಡೀಲಿಲ್ಲ, ಕಡೂರಿನ ಅಣ್ಣನಿಗೆ ಫೋನ್ ಮಾಡಿ, ನನ್ನ ಮುಯ್ಯಿ ಎಲ್ಲಣ್ಣ ಅಂತ ಕೇಳಿಯೇಬಿಟ್ಟೆ. ಒಳ್ಳೇ ಮನುಷ್ಯರೇ, ಬೆಣ್ಣೆ ಹಚ್ಚಿದಂಗೆ ಮಾತಾಡ್ತಾರೆ. “ಕೊಟ್ಟಾಯ್ತಲ್ಲಮ್ಮ, ನಿಮ್ಮನೆಗೇ ಬಂತಲ್ಲ. ಒಂದೇ ಮನೇಲಿ ಎರಡು ಲೆಕ್ಕ ಎಲ್ಲಾದ್ರೂ ಇರುತ್ತಾ?” ಅಂದ್ರು. ಫೋನ್ ಇಟ್ಟೆ. ಇವರು ಮಾತ್ರ ಊಟಕ್ಕೆ ಕೂತಾಗ, ಬೇಜಾರು ಮಾಡ್ಕೋಬೇಡ, ನನ್ನ ಊರನ್ನೇ ನಿಂದು ಅಂದ್ಕೊಂಡು ನೋಡ್ಕೋ ಅಂತ ದೊಡ್ಡ ಮನಸ್ಸು ತೋರಿಸಿದ್ರು. ಸಾರಿಗೆ ಉಪ್ಪು ಸಾಕಾ ಅಂತ ಕೇಳಿದೆ.

ಹಿಂದೆ ಯಾವಾಗಲೋ ಇನ್ನೊಂದು ದ್ವೀಪದಲ್ಲಿ ಕಟ್ಟಿಟ್ಟಿದ್ದ ನನ್ನದೊಂದು ಪುಟ್ಟ ಊರು ಉಳಿದಿತ್ತು. ಅಲ್ಲಿ ಮತ್ತೆ ಹಡಗು ಕಟ್ಟಿದೆ. ಯಾರ ಬಂದರಿಗೂ ಒಂದನ್ನೂ ಕಳಿಸಲಿಲ್ಲ. ಸ್ವಲ್ಪ ದಿನಕ್ಕೆ ನನ್ನೂರು ಹಿಡಿದ ಜನವೇ ಇವರ ಊರಿನ ಮೇಲೆ ಬಂದ್ರು, ಈ ಸಲ ನಿಜವಾಗಿ. ನನ್ನ ಹಳೇ ಬಂದರಿನಿಂದಲೇ ಹೊರಟು ಬಂದ್ರು, ಪಕ್ಕದ ಮನೆಯಷ್ಟು ದೂರ ಅಂದಿದ್ದೆನಲ್ಲ, ಅಲ್ಲಿಂದ. ಇವರು ಅಂಗಡಿ ಬಿಟ್ಟು ಅಡುಗೆಮನೆಗೆ ಬಂದು, ಲೇ, ಬೇಗ ಹಡಗು ಕಳಿಸು, ಯಾವ ಹೊತ್ತಿಗೆ ಕಳಿಸಬೇಕು ಅಂತ ಗುಂಪಿನೋರಿಗೂ ಹೇಳು ಅಂದ್ರು. ನನ್ನ ಹಡಗು ನನ್ನ ಬಂದರಲ್ಲೇ ಇರುತ್ತೆ ಅಂದೆ. ಮಿಕ್ಕೋರು ಎಂದಿನಂತೆ ಬಾವುಟ ಕಂಡ ಕೂಡಲೇ ಕಳಿಸಿ ಮುಳುಗಿಸಿಕೊಂಡ್ರು. ಮಧ್ಯಾಹ್ನದೊಳಗೆ ಇವರ ಊರು ಹೋಯ್ತು. ನನಗೆ ಸಂತೋಷ ಆಗಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಆಯ್ತು, ಸ್ವಲ್ಪ ಹೊತ್ತು.

ಮಾರನೇ ದಿನ ಭಾನುವಾರ. ಕಡೂರಿನ ಅಣ್ಣ ಬಾಳೆಹಣ್ಣು ಹಿಡ್ಕೊಂಡು ಬಂದ್ರು, ತರೀಕೆರೆಯಿಂದ ತಮ್ಮನೂ ಬಂದ. ಇವರನ್ನ ಮಾತಾಡಿಸಿಕೊಂಡು ಹೋಗಕ್ಕೆ, ಯಾರಾದ್ರೂ ತೀರಿಕೊಂಡ ಮನೆಗೆ ಬರೋ ಹಂಗೆ. ಇವರು ನಡುಮನೇಲಿ ತಲೆ ಬಗ್ಗಿಸಿ ಕೂತಿದ್ರು. ತಮ್ಮ ಇವರ ಭುಜದ ಮೇಲೆ ಕೈ ಇಟ್ಟು, ಹೋಗ್ಲಿ ಬಿಡಿ ಭಾವ, ಮತ್ತೆ ಕಟ್ಟಣ ಅಂತಿದ್ದ. ನಾನು ಕಾಫಿ ತಂದುಕೊಟ್ಟೆ. ಅಣ್ಣ ಲೋಟ ತಗೊಂಡು, ದನಿ ಇಳಿಸಿ ನನಗೆ ಹೇಳಿದ್ರು:

“ಸ್ವಲ್ಪ ದಿನ ಇವನನ್ನ ಹುಷಾರಾಗಿ ನೋಡ್ಕೊಳಮ್ಮ, ಎದುರು ಮಾತಾಡಬೇಡ. ಕೈಯಾರೆ ಕಟ್ಟಿದ್ದು ಕಣ್ಣೆದುರೇ ಹೋದ್ರೆ ಹೆಂಗಾಗುತ್ತೆ ಅಂತ ನಿನಗೆ ಗೊತ್ತಾಗಲ್ಲ.”