ತುಟಿ, ಮೂಗು, ಹಣೆ

ಅಕ್ಕ ಬಲಗೈಯ ನಡುವಿನ ಮೂರು ಬೆರಳುಗಳ ಉಗುರನ್ನು ಯಾವಾಗಲೂ ಚೂರೂ ಬೆಳೆಯದಂತೆ ಕತ್ತರಿಸಿಕೊಂಡಿರುತ್ತಿದ್ದಳು. ಉಳಿದ ಉಗುರುಗಳು ಹೇಗಿದ್ದರೂ ಅವಳಿಗೆ ಚಿಂತೆಯಿರಲಿಲ್ಲ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಆ ಬೆರಳುಗಳನ್ನು ಸೆರಗಿಗೆ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಮಲಗಿದ್ದ ಮಗಳ ಬಲಪಕ್ಕೆಯ ಕೆಳಗೆ ಮೆಲ್ಲಗೆ ಒತ್ತುತ್ತಿದ್ದಳು. ಆಮೇಲೆ ತನ್ನ ತುಟಿ, ಮೂಗಿನ ತುದಿ, ಹಣೆ ಮುಟ್ಟಿಕೊಳ್ಳುತ್ತಿದ್ದಳು.

"ನಿಮ್ಮಕ್ಕಂದು ಯಾವ ದೇವ್ರೇ, ಮೂಗು ಮುಟ್ಕಳೋದು?" ಎಂದು ಪಕ್ಕದ ಮನೆಯವಳು ನನ್ನನ್ನು ಕೇಳಿದ್ದಳು. ನಕ್ಕು ಒಳಗೆ ಹೋದೆ. ಅದು ದೇವರಲ್ಲ ಎಂದು ಹೇಳಹೊರಟರೆ ನನ್ನ ವಿಷಯವನ್ನೂ ಹೇಳಬೇಕಾಗುತ್ತಿತ್ತು.

ನಮ್ಮದು ಕುಣಿಗಲ್ ಕಡೆ, ಹುತ್ರಿದುರ್ಗದ ಬೆಟ್ಟದ ಬುಡ. ಅಕ್ಕನನ್ನು ನಿಟ್ಟೂರಿಗೆ ಕೊಟ್ಟಿದ್ದರು. ಮೊದಲ ಹೆರಿಗೆ ಮುಗಿಸಿ ಅವಳು ಗಂಡನ ಮನೆಗೆ ಹೊರಟಾಗ, ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ನನ್ನನ್ನೂ ಕೈಸಹಾಯಕ್ಕೆಂದು ಕಳಿಸಿದರು. ಜೊತೆಗೆ ಒಂದು ಹಿತ್ತಾಳೆ ತಪ್ಪಲೆ ಕೊಟ್ಟರು, ಗಂಡುಮಗುವಿನ ಹಾಲಿಗೆ. ಅಕ್ಕನಿಗೆ ಎದೆಹಾಲು ಸಾಲುತ್ತಿರಲಿಲ್ಲ. ಹಸುವಿನ ಹಾಲನ್ನು ಬೆಳಿಗ್ಗೆ ಆ ತಪ್ಪಲೆಯಲ್ಲಿ ಕಾಯಿಸಿ, ಸಂಜೆಯವರೆಗೂ ಅದರಲ್ಲೇ ಇಟ್ಟು ಕುಡಿಸುತ್ತಿದ್ದೆವು.

ಅಕ್ಕ ಮಾತಿಗಿಂತ ಮೊದಲು ನಗುವವಳು. ಅತ್ತೆ ಬೈದರೂ ಕೊಟ್ಟಿಗೆಗೆ ಹೋಗಿ ಹಸುವಿನ ಮುಂದೆ ಅವರಂತೆಯೇ ಬೈದು ತೋರಿಸಿ ಬರುತ್ತಿದ್ದಳು. ನಾನು ಜಗಳಕ್ಕೆ ನಿಂತರೆ, "ಆಡಿದ್ ಮಾತು ವಾಪಸ್ ಬರಲ್ಲ ಕಣೆ. ಆಡ್ದೇ ಇರೋದು ಎಲ್ಲೂ ಹೋಗಲ್ಲ, ಇಟ್ಕೊ" ಎನ್ನುತ್ತಿದ್ದಳು.

ತಪ್ಪಲೆ ತೊಳೆಯುವುದು ನನ್ನ ಕೆಲಸ. ಹುಣಸೆಹಣ್ಣು, ಬೂದಿ ಹಾಕಿ ಒಳಗೂ ಹೊರಗೂ ತಿಕ್ಕುತ್ತಿದ್ದೆ. ಒಳಗೆ ಬಳಿದಿದ್ದ ತವರದ ಬಿಳಿ ಕಲಾಯಿ ಸವೆದು ಹಳದಿ ಹೊಳೆಯತೊಡಗಿದಾಗ ನನಗೆ ಹೆಮ್ಮೆಯೇ ಆಯಿತು.

"ಚಿನ್ನದ ತಪ್ಪಲೆ ಮಾಡ್ಬುಟ್ಟೆ ಕಣೆ ನೀನು," ಎಂದು ಅಕ್ಕ ನಕ್ಕಳು. "ಇಂಗಿದ್ರೆ ಹಾಲು ಕಿಲುಬಾಗ್ತದೆ. ಕಲಾಯಿಯವ್ನು ಬಂದವ್ನಂತೆ. ಹೋಗಿ ಹಾಕಿಸ್ಕಂಡ್ ಬಾ."

ಹೋದೆ. ಬೇವಿನ ಮರದ ಕೆಳಗೆ ಅವನು ತಿದಿ ಒತ್ತುತ್ತ ಕೂತಿದ್ದ. ಊರಿನ ಪಾತ್ರೆಗಳೆಲ್ಲ ನನಗಿಂತ ಮೊದಲೇ ಬಂದು ಸಾಲು ಹಿಡಿದಿದ್ದವು. ಬಿಸಿಲು, ಹೊಗೆ. ಬೇಜಾರಾಗಿ ವಾಪಸ್ ಬಂದೆ. "ಇವತ್ತು ಅವ್ನು ಬಂದೇ ಇಲ್ಲ ಕಣಕ್ಕ" ಎಂದೆ. ಅಷ್ಟೇ. ಮತ್ತೆ ತಪ್ಪಲೆಯ ಮಾತು ನಾನೂ ಎತ್ತಲಿಲ್ಲ, ಅಕ್ಕನೂ ಎತ್ತಲಿಲ್ಲ.

ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಹೊಟ್ಟೆ ಮುಂದೆ ಬಂತು. ಮೈ ತುಂಬಿಕೊಳ್ಳುತ್ತಿದೆ ಎಂದುಕೊಂಡೆವು. ಆಮೇಲೆ ಹಿಡಿದರೆ ಅಳು, ಬಿಟ್ಟರೆ ಅಳು. ಹಾಲು ಬೇಡವೆಂದಿತು. ಕಣ್ಣು ಅರಿಶಿನವಾಯಿತು. ರೈಲಿನಲ್ಲಿ ತುಮಕೂರಿಗೆ ಕರೆದುಕೊಂಡು ಹೋದೆವು, ಅಕ್ಕ, ಅವಳ ಅತ್ತೆ, ನಾನು.

ಡಾಕ್ಟರಮ್ಮ ಮಗುವಿನ ಪಕ್ಕೆಯ ಕೆಳಗೆ ಬೆರಳಿಟ್ಟು ಒತ್ತಿ ನೋಡಿದರು. ಅಕ್ಕನ ಕೈ ಹಿಡಿದು ಅಲ್ಲಿಗೇ ಒತ್ತಿಸಿದರು.

"ಇದು ಲಿವರ್ ಅಂಚು. ಈಗ ನಿಮ್ಮ ತುಟಿ ಮುಟ್ಕೊಳ್ಳಿ. ಮಕ್ಕಳದ್ದು ಹಾಗೆ ಮೆತ್ತಗಿರಬೇಕು. ಮೂಗಿನ ತುದಿ ತರ ಆದ್ರೆ ಕಾಯಿಲೆ ಶುರುವಾಗಿದೆ ಅಂತ. ಇದು ಹೇಗಿದೆ ಹೇಳಿ?"

ಅಕ್ಕನ ಕೈ ತುಟಿಯಿಂದ ಮೂಗಿಗೆ, ಮೂಗಿನಿಂದ ಹಣೆಗೆ ಹೋಗಿ ಅಲ್ಲೇ ನಿಂತಿತು.

"ಇಷ್ಟು ಬಿಗಿದ ಮೇಲೆ ರಕ್ತಕ್ಕೆ ಒಳಗೆ ದಾರಿ ಇರಲ್ಲಮ್ಮ. ಗಟ್ಟಿಯಾದ ಭಾಗ ಪಕ್ಕದ್ದನ್ನೂ ಗಟ್ಟಿ ಮಾಡ್ತಾ ಹೋಗುತ್ತೆ. ಮೊದಲೇ ಬಂದಿದ್ರೆ..." ಎಂದು ನಿಲ್ಲಿಸಿದರು. ಆಮೇಲೆ, "ಹಾಲು ಯಾವ ಪಾತ್ರೇಲಿ ಕಾಯಿಸ್ತೀರಿ?" ಎಂದು ಕೇಳಿದರು.

ನಾನು ಅಕ್ಕನ ಹಿಂದೆ ಸರಿದೆ.

ಹಿತ್ತಾಳೆಯದು, ಕಲಾಯಿ ಸವೆದಿದೆ ಎಂದು ಅಕ್ಕ ಹೇಳಿದಳು. ಕಲಾಯಿ ಇಲ್ಲದ ಹಿತ್ತಾಳೆಯಿಂದ ತಾಮ್ರ ಹಾಲಿಗೆ ಬಿಟ್ಟುಕೊಂಡು ಹೀಗಾಗುತ್ತದೆಂದು ಈಗ ಅನುಮಾನವಿದೆ, ಖಂಡಿತ ಇದರಿಂದಲೇ ಎಂದು ತಾವು ಹೇಳಲಾರೆವು ಎಂದರು ಡಾಕ್ಟರಮ್ಮ. ಅನುಮಾನ ಎಂಬ ಮಾತು ಅತ್ತೆಗೆ ಬೇಕಿರಲಿಲ್ಲ.

"ಕಲಾಯಿ ಹೋಗಿದ್ದು ಕಾಣ್ಲಿಲ್ವೇನೆ? ಯಾಕೆ ಹಾಕಿಸ್ಲಿಲ್ಲ?"

ನಾನು ನೆಲ ನೋಡುತ್ತಿದ್ದೆ. ಅಕ್ಕ ನನ್ನನ್ನೇ ನೋಡುತ್ತಿದ್ದಾಳೆ ಎಂದು ಗೊತ್ತಾಗುತ್ತಿತ್ತು.

"ನಾನೇ ಮರ್ತೆ ಅತ್ತೆ," ಎಂದಳು.

ಮಗು ಉಳಿಯಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಅಕ್ಕನಿಗೆ ಇನ್ನೊಂದು ಹೆಸರಾಯಿತು, ಮಗನಿಗೆ ವಿಷದ ಹಾಲು ಕುಡಿಸಿದವಳು. ಸಾರಿಗೆ ಉಪ್ಪು ಹೆಚ್ಚಾದರೂ ಅದೇ ಮಾತು. ಅವಳು ಹಸುವಿನ ಮುಂದೆ ಹೋಗಿ ಅತ್ತೆಯಂತೆ ಬೈಯುವುದನ್ನು ಬಿಟ್ಟಳು. ಇಷ್ಟಾದರೂ ನಾನು ಬಾಯಿ ಬಿಡಲಿಲ್ಲ. ಹೇಳಿದರೆ ನನ್ನನ್ನು ಊರಿಗೆ ಅಟ್ಟುತ್ತಾರೆ, ನನಗೆ ಗಂಡು ಸಿಕ್ಕುವುದಿಲ್ಲ ಎಂಬ ಭಯ.

ಆಮೇಲೆ ಹೆಣ್ಣುಮಗು ಹುಟ್ಟಿತು. ಹಾಲಿಗೆ ಸ್ಟೀಲ್ ಪಾತ್ರೆ ಬಂತು. ಬೆಳಗಿನ ತುಟಿ, ಮೂಗು, ಹಣೆ ಶುರುವಾದದ್ದು ಆಗಲೇ. ಅವಳ ಕೈ ತುಟಿಯ ಹತ್ತಿರ ನಿಂತರೆ ನಾನು ಉಸಿರು ಬಿಡುತ್ತಿದ್ದೆ.

ಒಂದು ಬೆಳಿಗ್ಗೆ ಕೈ ಮೂಗಿನ ತುದಿಯಲ್ಲಿ ನಿಂತಿತು. ಮತ್ತೆ ಒತ್ತಿದಳು. ಮತ್ತೆ ಮೂಗು.

"ನೀನು ಮುಟ್ ನೋಡೆ."

"ನಂಗ್ ಗೊತ್ತಾಗಲ್ಲಕ್ಕ."

"ಮುಟ್ಟೇ ಅಂದೆ!"

ಒತ್ತಿ ನೋಡಿದೆ. ಏನೂ ತಿಳಿಯಲಿಲ್ಲ. ಅತ್ತೆಗೆ ಹೇಳದೆ ರೈಲು ಹತ್ತಿದೆವು. ಗುಬ್ಬಿ ಸ್ಟೇಷನ್ ದಾಟಿದರೂ ಅಕ್ಕ ಮಗುವಿನ ಹೊಟ್ಟೆಯ ಮೇಲಿನ ಕೈಯನ್ನು ತೆಗೆಯಲಿಲ್ಲ.

ಡಾಕ್ಟರಮ್ಮ ಒಂದು ಕಡೆಯಿಂದ ಒತ್ತಿದರು, ಇನ್ನೊಂದು ಕಡೆಯಿಂದ ಒತ್ತಿದರು. ಮಗು ನಕ್ಕಿತು. "ಹೊಟ್ಟೆ ಬಿಗಿಹಿಡ್ಕೊಂಡಿದ್ದಾಳೆ ಕಳ್ಳಿ. ಕಚಗುಳಿ ಆಗಿದೆ ಅಷ್ಟೆ. ಲಿವರ್ ಮೆತ್ತಗಿದೆ, ಹೋಗಿ," ಎಂದರು. ಅಕ್ಕ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು.

ವಾಪಸ್ ಬರುವಾಗ ರೈಲಿನಲ್ಲಿ ನನಗೆ ತಡೆಯಲಾಗಲಿಲ್ಲ. "ಅಕ್ಕ, ಅವತ್ತು ಕಲಾಯಿಯವ್ನು ಬಂದಿದ್ದ" ಎಂದೆ.

ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಗೊತ್ತು ಕಣೆ. ಸಾಯಂಕಾಲ ಪಕ್ಕದ ಮನೆಯವ್ಳು ಕಲಾಯಿ ಹಾಕ್ಸಿದ್ ಬೋಸಿ ತಂದು ತೋರ್ಸುದ್ಲು. ನಾಳೆ ನಾನೇ ತಗಂಡ್ ಹೋಗಣ ಬುಡು ಅಂದ್ಕಂಡೆ. ಹೋಗ್ಲಿಲ್ಲ. ನೀನ್ ಇನ್ನೂ ಚಿಕ್ಕೋಳು. ನಾನ್ ತಾಯಿ."

"ಅತ್ತೆಗೆ ಹೇಳ್ಬುಡ್ತೀನಿ."

"ನಿನ್ ಮದ್ವೆ ಆಗ್ಲಿ ಮೊದ್ಲು."

ನನ್ನ ಮದುವೆಯಾಯಿತು. ಆಮೇಲೂ ಹೇಳಲಿಲ್ಲ. ತನ್ನ ಮಗಳು ಸ್ಕೂಲಿಗೆ ಹೋಗಲು ಶುರುಮಾಡಿದ ವರ್ಷ ಅಕ್ಕ ಯಾವುದೋ ಜ್ವರಕ್ಕೆ ಹೋಗಿಬಿಟ್ಟಳು. ನಾನು ತಲುಪುವಷ್ಟರಲ್ಲಿ ನಡುಮನೆಯಲ್ಲಿ ಮಲಗಿಸಿದ್ದರು. ಆ ಮೂರು ಉಗುರುಗಳು ಆಗಲೂ ಚಿಕ್ಕದಾಗಿದ್ದವು. ಅವಳ ಹಣೆ ಮುಟ್ಟಿದೆ.

ಅತ್ತೆ ಬಂದವರ ಮುಂದೆ ಅಳುತ್ತಿದ್ದರು. "ಮೊದಲ್ನೇ ಮಗೀನ ತಾನೇ ಕಳ್ಕಂಡ್ಲು, ಈ ಮಗೀನ ಬುಟ್ಟು ತಾನೇ ಹೋದ್ಲು." ಮಗಳು ಅಜ್ಜಿಯ ತೊಡೆಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದಳು.

"ಅವ್ಳಲ್ಲ ಅತ್ತೆ. ನನ್ನ ಕಲಾಯಿಗೆ ಕಳ್ಸಿದ್ಲು. ಹಾಕಿಸ್ದೇ ಬಂದು ಸುಳ್ಳು ಹೇಳ್ದೋಳು ನಾನು" ಎಂದೆ.

ಅತ್ತೆಗೆ ಆಗಲೇ ಕಿವಿ ಮಂದವಾಗಿತ್ತು. "ಏನಂದೆ?" ಎಂದು ನನ್ನ ಕಡೆ ಬಗ್ಗಿದರು. ಇಡೀ ಮನೆ ನನ್ನತ್ತ ತಿರುಗಿತು.

ಇನ್ನೊಂದು ಸಲ, ಬೀದಿಗೆ ಕೇಳುವಷ್ಟು ಜೋರಾಗಿ ಹೇಳಿದೆ. ಅಕ್ಕನಿಗೆ ಮಾತ್ರ ಕೇಳಿಸಲಿಲ್ಲ.