ಇಪ್ಪತ್ತು ಕಿಲೋ ಎತ್ತುವವರು

ಹೃದಯ, ಕಿಡ್ನಿ, ಅಡುಗೆಮನೆಯ ಗ್ಯಾಸ್ ಸಿಲಿಂಡರ್, ಹಿಂದಿನಿಂದ ನುಗ್ಗಿ ಬರುವ ಎಕ್ಸ್‌ಪ್ರೆಸ್ ಬಸ್ಸು, ಇವೆಲ್ಲದರ ಬಗ್ಗೆ ನಾನು ವರ್ಷಗಟ್ಟಲೆ ಶ್ರದ್ಧೆಯಿಂದ ಚಿಂತೆ ಮಾಡಿದ್ದೇನೆ. ಎಡಗಾಲಿನ ಹೆಬ್ಬೆರಳಿನ ಬಗ್ಗೆ ಮಾತ್ರ ಮಾಡಿರಲಿಲ್ಲ. ಅಲ್ಲಿ ಆದ ಸಣ್ಣ ಗಾಯ ಸಕ್ಕರೆ ಕಾಯಿಲೆಯಿಂದ ಮಾಗಲೇ ಇಲ್ಲ. ಮಣಿಪಾಲದ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಕೆಲವು ತಿಂಗಳ ಮೇಲೆ ಕೃತಕ ಕಾಲು ಕೂರಿಸಿದರು.

ನಾನು ಕೆಲಸಕ್ಕಿರುವುದು ಉಡುಪಿಯಲ್ಲಿ, ಎಲೆಕ್ಟ್ರಾನಿಕ್ ತಕ್ಕಡಿ ಮಾರುವ ಒಂದು ಅಂಗಡಿಯಲ್ಲಿ. ಅಕ್ಕಿ ಮಿಲ್ಲು, ಐಸ್ ಪ್ಲಾಂಟು, ದಿನಸಿ ಅಂಗಡಿ ಎಂದು ಊರೂರಿಗೆ ಹೋಗಿ ಕೆಟ್ಟ ತಕ್ಕಡಿ ರಿಪೇರಿ ಮಾಡಿ ಬರುವುದು ನನ್ನ ಪಾಲು. ಬಿಸಿಲು, ಬೆನ್ನುನೋವು ಎಂದು ಗೊಣಗಿ, ಕೌಂಟರಿನ ಕೆಲಸ ಕೊಡಿ ಎಂದು ಗೋಗರೆಯುತ್ತಿದ್ದವನೂ ನಾನೇ. ಕಾಲು ಹೋದ ಮೇಲೆ ಅದು ಕೇಳದೆಯೇ ಸಿಕ್ಕಿತು. ಮಾಲಕರು ನನಗಿಂತ ಚಿಕ್ಕವರು, ಒಳ್ಳೆಯವರು. ಹೊಸ ಕುರ್ಚಿ ತರಿಸಿ, ಇನ್ನು ಬಿಲ್ಲು ನೋಡಿಕೊಂಡು ಆರಾಮ ಇರಿ ಎಂದರು. ಬಿಲ್ಲು ಕಂಪ್ಯೂಟರಿನಲ್ಲಿ ಆಗುತ್ತಿತ್ತು, ಕಂಪ್ಯೂಟರಿಗೆ ಬೇರೆಯವರಿದ್ದರು. ನನ್ನ ಕಡೆಗೆ ಬರುತ್ತಿದ್ದದ್ದು ಚಹಾ, ಅದೂ ಸಕ್ಕರೆ ಹಾಕಿ. ಕೆಲಸವಿಲ್ಲದವನನ್ನು ಎಷ್ಟು ಕಾಲ ಇಟ್ಟುಕೊಂಡಾರು ಎಂಬ ಹೊಸ ಚಿಂತೆ ಶುರುವಾಯಿತು. ಬೇಡಿಕೊಂಡದ್ದು ಸಿಕ್ಕಿದರೂ ನಿಮಗೆ ಸಮಾಧಾನ ಇಲ್ಲ ಎಂದಳು ಹೆಂಡತಿ.

ಕಾಲಿನ ಪಟ್ಟಿ ಸರಿಮಾಡಿಸಲು ಮಣಿಪಾಲಕ್ಕೆ ಹೋದಾಗ, ಅಲ್ಲಿ ಕಾಲು ಹೊಂದಿಸಿಕೊಡುವವರು ವಿಷಯ ಕೇಳಿ, ಇದಕ್ಕೆ ಕಾನೂನು ಉಂಟಲ್ಲ ಎಂದರು. ಅಂಗವೈಕಲ್ಯ ಎಂಬ ಒಂದೇ ಕಾರಣಕ್ಕೆ ಕೆಲಸದಿಂದ ಬದಿಗೆ ಸರಿಸುವಂತಿಲ್ಲ, ಕೆಲಸ ಮಾಡಲು ಬೇಕಾದ ಅನುಕೂಲ ಮಾಡಿಕೊಡಬೇಕು ಅಂತೆ. ಬಸ್ಸಿನಲ್ಲಿ ಬರುವಾಗ ಅದನ್ನು ಬಾಯಿಪಾಠ ಮಾಡಿಕೊಂಡೆ. ಮಾಲಕರ ಎದುರು ನಿಂತಾಗ ಅರ್ಧ ಮರೆತಿತ್ತು.

"ಅದೆಲ್ಲ ಸರಕಾರಿ ಆಫೀಸಿಗೆ ಅಲ್ವಾ?" ಎಂದರು ಅವರು.

"ನಮ್ಮಂಥ ಅಂಗಡಿಗೂ ಉಂಟಂತೆ ಸರ್."

ಅವರಿಗೆ ಬೇಸರವಾಯಿತು. ಒಳ್ಳೆಯದು ಮಾಡಲು ಹೋದವರಿಗೆ ಕಾನೂನು ತೋರಿಸಿದರೆ ಆಗದೆ ಇರುತ್ತದೆಯೇ? "ನಿಮ್ಮ ಒಳ್ಳೇದಕ್ಕೇ ಮಾಡಿದ್ದು ಮಾರಾಯ್ರೇ. ಆ ಇಪ್ಪತ್ತು ಕಿಲೋದ ತೂಕಗಳನ್ನು ಇನ್ನು ನೀವು ಎತ್ತುವುದು ಹೇಗೆ?"

"ಎರಡು ಕಾಲಿದ್ದಾಗಲೂ ನಾನು ಎತ್ತಿದ್ದಿಲ್ಲ ಸರ್."

ನಿಜವೇ. ತಕ್ಕಡಿ ಪರೀಕ್ಷಿಸಲು ಒಯ್ಯುವ ಆ ಕಬ್ಬಿಣದ ತೂಕಗಳನ್ನು ವ್ಯಾನಿನಿಂದ ಇಳಿಸುವುದು ಡ್ರೈವರು, ತಕ್ಕಡಿಗೆ ಏರಿಸುವುದು ಮಿಲ್ಲಿನ ಲೋಡಿಂಗಿನವರು. ನನ್ನ ಬೆನ್ನಿನ ಪುರಾಣ ಕೇಳಿ ಸಾಕಾಗಿ ಅವರು ನನ್ನನ್ನು ಹತ್ತಿರಕ್ಕೂ ಬಿಡುತ್ತಿರಲಿಲ್ಲ.

ಮಾಲಕರು ಕೇಳಿದರು, "ಮತ್ತೆ ನಿಮ್ಮಿಂದ ಆಗದ್ದು ಎಂತ?"

ಇದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಕುಕ್ಕರಗಾಲಿನಲ್ಲಿ ಕೂರಲು ಆಗುವುದಿಲ್ಲ, ಒಂದು ಗಿಡ್ಡ ಸ್ಟೂಲ್ ಇದ್ದರೆ ಸಾಕು ಎಂದೆ.

ಮರುದಿನ ಕಾರ್ಕಳದ ಮಿಲ್ಲಿಗೆ ಕಳಿಸಿದರು. ನೋಡಬೇಕೆಂದು ತಾವೂ ಬಂದರು. ಲೋಡಿಂಗಿನ ಹಿರಿಯರೊಬ್ಬರು ತೂಕ ಏರಿಸುತ್ತಾ, ಕಾಲೇನೋ ಹೊಸತು ಮಾಡಿಸಿದಿರಿ, ಬೆನ್ನು ಹೇಗುಂಟು ಎಂದು ವಿಚಾರಿಸಿದರು. ನಾನು ಸ್ಟೂಲಿನಲ್ಲಿ ಕೂತು ವೈರು ಬದಲಿಸಿ, ತೂಕ ಸರಿಪಡಿಸಿದೆ. ಮಾಲಕರು ಕೊನೆಯವರೆಗೂ ನಿಂತೇ ಇದ್ದರು.

ವಾಪಸು ಬರುವಾಗ ಅವರು ದಾರಿಯುದ್ದಕ್ಕೂ ಊರೂರಲ್ಲಿ ಬಾಕಿ ಉಳಿದ ರಿಪೇರಿ ಕೆಲಸಗಳ ಬಗ್ಗೆಯೇ ಮಾತಾಡಿದರು. ಅಂಗಡಿ ಹತ್ತಿರವಾದಾಗ, "ನಾಳೆ ಕಾಪುವಿನ ಐಸ್ ಪ್ಲಾಂಟಿಗೆ ಹೋಗಿ. ಸ್ಟೂಲ್ ವ್ಯಾನಿನಲ್ಲೇ ಇರಲಿ" ಎಂದರು.

ಐಸ್ ಪ್ಲಾಂಟಿನ ನೆಲ ಯಾವಾಗಲೂ ಒದ್ದೆ. ಜಾರಿದರೆ ಎಂಬಲ್ಲಿಂದ ಹಿಡಿದು ಹೆಂಡತಿಗೆ ಫೋನ್ ಮಾಡುವವರು ಯಾರು ಎಂಬಲ್ಲಿಯವರೆಗೆ ಒಂದು ಸುತ್ತು ಯೋಚಿಸಿದೆ. ಬಾಯಲ್ಲಿ, ಆಯಿತು ಸರ್ ಎಂದೆ.